ರನ್‌ವೇಗೂ ನಿದ್ದೆ ಬೇಕು, ಎಐಗೆ?

ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ನಿದ್ದೆ ಬಗ್ಗೆ ಮಾತು ಕೇಳೋಕೆ ಬಂದಿದೀರಿ. ಅದಕ್ಕೆ ಮೊದಲು ಥ್ಯಾಂಕ್ಸ್. (ನಗು)

ಒಂದು ವಿನಂತಿ. ಇದು ವಿಮಾನ ನಗರ. ಮಧ್ಯೆ ಮಧ್ಯೆ ತಲೆ ಮೇಲೆ ವಿಮಾನ ಹೋಗತ್ತೆ. ಆಗ ನಾನು ಸುಮ್ಮನಾಗ್ತೀನಿ, ಮರೆತುಬಿಟ್ಟೆ ಅಂದ್ಕೋಬೇಡಿ.

ಆ ಸದ್ದಿನಿಂದಲೇ ಶುರು ಮಾಡ್ತೀನಿ. 2020ರಲ್ಲಿ ಇಲ್ಲೇ ಇದ್ದವರು ಎಷ್ಟು ಜನ? ಹಾಂ, ಹತ್ತಾರು ಕೈ ಕಾಣ್ತಿದೆ. ನಿಮಗೆ ನೆನಪಿರಬಹುದು, ಆ ವರ್ಷ ಅಕ್ಟೋಬರ್ 26ರಿಂದ ಲೋಹಗಾಂವ್ ವಿಮಾನ ನಿಲ್ದಾಣ ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಬಂದ್ ಆಯ್ತು. ರನ್‌ವೇ ವಾಯುಪಡೆಯದ್ದು, ನಮ್ಮ ಇಂಡಿಗೋ, ಏರ್ ಇಂಡಿಯಾ ಎಲ್ಲ ಅದನ್ನೇ ಹಂಚಿಕೊಂಡು ಇಳಿಯೋದು. ಆ ರನ್‌ವೇಗೆ ಹೊಸ ಮೇಲ್ಪದರ ಹಾಕಬೇಕಿತ್ತು. ಒಂದು ವರ್ಷ ರಾತ್ರಿ ಹೊತ್ತು ಕೆಲಸ ನಡೀತು. ಆಮೇಲೆ 2021ರ ಅಕ್ಟೋಬರ್ 16ರಿಂದ 29ರ ತನಕ, ಹದಿನಾಲ್ಕು ದಿನ, ಹಗಲೂ ರಾತ್ರಿ ಪೂರ್ತಿ ಬಂದ್.

ನಾನಾಗ ಮನೆಯಿಂದಲೇ ನೈಟ್ ಶಿಫ್ಟ್ ಮಾಡ್ತಿದ್ದೆ. ಮೊದಲನೇ ವಾರ ನನಗೆ ಕೆಲಸಾನೇ ಆಗಲಿಲ್ಲ, ಯಾಕಂದ್ರೆ ಅಷ್ಟು ನಿಶ್ಶಬ್ದ. ದತ್ತ ಮಂದಿರ ಚೌಕದ ನಾಯಿ ಬೊಗಳೋದು ನಮ್ಮ ಏಳನೇ ಮಹಡಿಗೆ ಕೇಳ್ತಿತ್ತು. ಬೆಳಿಗ್ಗೆ ವಿಮಾನ ಶುರುವಾದ ಮೇಲೆ ನಾನು ಮಲಗ್ತಿದ್ದೆ. ಅಂದ್ರೆ ರನ್‌ವೇ ಮಲಗಿದಾಗ ನಾನು ಎಚ್ಚರ, ಅದು ಎದ್ದಾಗ ನಾನು ಮಲಗೋದು. ಒಂದು ವರ್ಷ ಹೀಗೇ ಸಂಸಾರ ಮಾಡಿದ್ವಿ.

ರನ್‌ವೇಗೆ ಸುಸ್ತಾಗಲ್ಲ. ಅದಕ್ಕೆ ಕಣ್ಣೂ ಇಲ್ಲ, ರೆಪ್ಪೆಯೂ ಇಲ್ಲ. ಆದ್ರೂ ಅದನ್ನ ಮುಚ್ಚಲೇಬೇಕಾಯ್ತು. ವಿಮಾನ ಇಳೀತಾ ಇರೋವಾಗ ಡಾಂಬರು ಹಾಕೋಕಾಗಲ್ಲ, ಅಷ್ಟೇ ಕಾರಣ. ಈ ಮಾತನ್ನ ಜೇಬಲ್ಲಿ ಇಟ್ಕೊಂಡಿರಿ.

ಈಗ ವಿಷಯ. ನಾನು ಒಂಬತ್ತು ವರ್ಷದಿಂದ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದೀನಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರು. ಅಮೆರಿಕದ ಒಂದು ಔಷಧ ವಿತರಣೆ ಕಂಪನಿಯ ಆರ್ಡರ್ ವ್ಯವಸ್ಥೆ ನೋಡ್ಕೊಳ್ಳೋದು. ಕಳೆದ ವರ್ಷ ಒಂದು ಮೀಟಿಂಗ್‌ನಲ್ಲಿ ಎಐ ಏಜೆಂಟ್ ತಂದು ನಿಲ್ಲಿಸಿದ್ರು. ಟಿಕೆಟ್ ಓದತ್ತೆ, ವಿಂಗಡಿಸತ್ತೆ, ಸಣ್ಣಪುಟ್ಟದ್ದನ್ನ ತಾನೇ ಸರಿಮಾಡತ್ತೆ. ಆ ಪ್ರೆಸೆಂಟೇಶನ್‌ನ ಮೊದಲನೇ ಸ್ಲೈಡ್‌ನಲ್ಲಿ ಇದ್ದದ್ದು ಒಂದೇ ಸಾಲು: ಇದು ಮಲಗುವುದಿಲ್ಲ.

ನನಗೆ ಚುಚ್ಚಿತು. ಯಾಕೆ ಅಂತ ಹೇಳಿಬಿಡ್ತೀನಿ. ಅದಕ್ಕೂ ಎರಡು ವರ್ಷ ಮುಂಚೆ ಒಂದು ರಾತ್ರಿ, ನಾಲ್ಕು ಗಂಟೆ ದಾಟಿತ್ತು, ಟೆಸ್ಟ್ ಡೇಟಾಬೇಸ್‌ನಲ್ಲಿ ಓಡಿಸಬೇಕಾದ ಸ್ಕ್ರಿಪ್ಟನ್ನ ನಾನು ಲೈವ್‌ನಲ್ಲಿ ಓಡಿಸಿದ್ದೆ. ಎರಡು ಕಪ್ಪು ಕಿಟಕಿ ಪಕ್ಕಪಕ್ಕ ತೆರೆದಿದ್ವು. ಹೆಸರು ಓದಿದ್ದೆ. ಓದಿದ್ದೇನೋ ನಿಜ, ಆದ್ರೆ ಅದು ತಲೆ ಒಳಗೆ ಹೋಗಿರಲಿಲ್ಲ. ಬ್ಯಾಕಪ್‌ನಿಂದ ವಾಪಸ್ ತರೋಕೆ ಐದು ಗಂಟೆ ಹಿಡೀತು. ಕೆಲಸ ಹೋಗಲಿಲ್ಲ, ಆ ವರ್ಷದ ಹೈಕ್ ಹೋಯ್ತು. ಹಾಗಾಗಿ 'ಇದು ಮಲಗುವುದಿಲ್ಲ' ಅನ್ನೋದನ್ನ ಓದಿದಾಗ, ಅದರ ಕೆಳಗೆ ನನ್ನ ಹೆಸರು ಬರೆದ ಹಾಗೆ ಕಂಡಿತು. ನಮ್ಮ ರಾತ್ರಿ ತಂಡದಲ್ಲಿ ಆರು ಜನ ಇದ್ವಿ, ಈಗ ಇಬ್ಬರು. ಉಳಿದ ನಾಲ್ವರಲ್ಲಿ ಒಬ್ಬರು ಇಲ್ಲೇ ಹಿಂದಿನ ಸಾಲಲ್ಲಿ ಕೂತಿದಾರೆ. ಅವರಿಗೆ ಇದು ಟೈಂಪಾಸ್ ಪ್ರಶ್ನೆ ಅಲ್ಲ.

ಏಜೆಂಟ್ ಬಂದು ಮೂರು ತಿಂಗಳು ಚೆನ್ನಾಗೇ ನಡೀತು, ಸುಳ್ಳು ಹೇಳಬಾರದು. ಆಮೇಲೆ ಗ್ರಾಹಕರು ಒಂದು ಹೊಸ ಗೋದಾಮು ವ್ಯವಸ್ಥೆ ತಂದ್ರು. ಹೊಸ ಥರದ ಟಿಕೆಟ್‌ಗಳು ಬಂದ್ವು. ಏಜೆಂಟ್‌ನ ಒಳಗೆ ಟಿಕೆಟ್ ವಿಂಗಡಿಸೋ ಒಂದು ಸಣ್ಣ ಮಾಡೆಲ್ ಇತ್ತು, ಅದಕ್ಕೆ ಆ ಹೊಸ ಟಿಕೆಟ್‌ಗಳನ್ನ ಮಾತ್ರ ಕೊಟ್ಟು ಮತ್ತೆ ಟ್ರೇನ್ ಮಾಡಿದ್ರು. ಹೊಸದನ್ನ ಸೊಗಸಾಗಿ ಕಲೀತು. ಮರುದಿನ ರಾತ್ರಿ ಒಂದು ಹಳೇ ಟಿಕೆಟ್ ಬಂತು, ರಿಫಂಡ್ ಎರಡು ಸಲ ಹೋಗಿದೆ ಅಂತ. ಇದಕ್ಕೆ ಅಂಥವು ನೂರಾರು ಗೊತ್ತಿತ್ತು. ಈ ಸಲ ಅದನ್ನ ಗೋದಾಮಿಗೆ ಕಳಿಸಿತು! ಆ ರಾತ್ರಿ ಪೂರ್ತಿ ಎಲ್ಲವನ್ನೂ ಗೋದಾಮಿಗೇ ಕಳಿಸ್ತಾ ಇತ್ತು. ಪಾಸ್‌ವರ್ಡ್ ಮರೆತವರನ್ನೂ ಗೋದಾಮಿಗೆ. (ನಗು)

ಇದಕ್ಕೆ ಒಂದು ಹೆಸರಿದೆ, ಕ್ಯಾಟಸ್ಟ್ರಾಫಿಕ್ ಫರ್ಗೆಟಿಂಗ್. ಕನ್ನಡದಲ್ಲಿ ನಾನು ಮಹಾಮರೆವು ಅಂತೀನಿ. ಹೊಸ ಕಾಯಿಲೆಯೇನಲ್ಲ. 1989ರಲ್ಲೇ ಮೆಕ್‌ಕ್ಲಾಸ್ಕಿ ಮತ್ತು ಕೊಹೆನ್ ಅನ್ನೋ ಇಬ್ಬರು ಇದನ್ನ ತೋರಿಸಿದ್ರು. ನ್ಯೂರಲ್ ನೆಟ್‌ವರ್ಕ್‌ಗೆ ಮೊದಲು ಒಂದರ ಕೂಡುವ ಲೆಕ್ಕ ಕಲಿಸಿದ್ರು, ಅಂದ್ರೆ ಒಂದು ಕೂಡಿಸಿದ ಒಂದು, ಒಂದು ಕೂಡಿಸಿದ ಎರಡು, ಹೀಗೆ. ಆಮೇಲೆ ಎರಡರದ್ದು ಕಲಿಸಿದ್ರು. ಎರಡರದ್ದು ಕಲಿಯೋವಾಗ ಒಂದರದ್ದು ಹಾರಿಹೋಯ್ತು. ನಮ್ಮ ಮಕ್ಕಳೂ ಮರೀತಾರೆ, ಆದ್ರೆ ಎರಡರ ಮಗ್ಗಿ ಕಲಿತ ಮಾತ್ರಕ್ಕೆ ಒಂದರದ್ದು ಯಾರಿಗೂ ಅಳಿಸಿ ಹೋಗಲ್ಲ.

ಯಾಕೆ ಹೀಗೆ? ನೆಟ್‌ವರ್ಕ್‌ನಲ್ಲಿ ಪ್ರತಿ ನೆನಪಿಗೂ ಬೇರೆ ಬೇರೆ ಡಬ್ಬ ಇಲ್ಲ. ಅದೇ ತೂಕಗಳು, ವೇಯ್ಟ್ಸ್ ಅಂತೀವಲ್ಲ, ಅವೇ ಎಲ್ಲ ನೆನಪನ್ನೂ ಹಂಚಿಕೊಂಡು ಹೊತ್ತಿರ್ತವೆ. ಹೊಸದಕ್ಕೋಸ್ಕರ ಅವನ್ನ ಎಳೆದ್ರೆ ಹಳೇದು ಸಡಿಲ ಆಗತ್ತೆ. ಸರಿ, ನಮ್ಮ ಮೆದುಳೂ ಹಂಚಿಕೊಂಡ ಸಂಪರ್ಕಗಳಲ್ಲೇ ನೆನಪಿಡೋದು. ಹಾಗಿದ್ರೆ ನಾವು ಹೇಗೆ ಪಾರಾದ್ವಿ?

ಇಲ್ಲಿ ನಮ್ಮಪ್ಪನ ಅಂಗಡಿಗೆ ಹೋಗೋಣ. ರಾಣೆಬೆನ್ನೂರಲ್ಲಿ ನಮ್ಮದು ಕಿರಾಣಿ ಅಂಗಡಿ. ಹಗಲೆಲ್ಲ ಅಪ್ಪ ಉದ್ರಿ ಲೆಕ್ಕವನ್ನ ಒಂದು ಕಚ್ಚಾ ಪುಸ್ತಕದಲ್ಲಿ ಗೀಚ್ತಿದ್ರು. ಯಾರು, ಏನು, ಎಷ್ಟು, ಅಷ್ಟೇ. ರಾತ್ರಿ ಶಟರ್ ಅರ್ಧ ಇಳಿಸಿ, ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕ ತೆಗೆದು, ಒಬ್ಬೊಬ್ಬರ ಪುಟಕ್ಕೆ ಅದನ್ನ ಏರಿಸ್ತಿದ್ರು. ಏರಿಸೋವಾಗ ಹಳೇ ಬಾಕಿನೂ ಒಮ್ಮೆ ಕಣ್ಣಿಗೆ ಬೀಳ್ತಿತ್ತು. 'ಇವಂದು ಮೂರು ತಿಂಗಳಾತು, ಇನ್ನ ಕೊಡೂದು ಬ್ಯಾಡ' ಅನ್ನೋ ತೀರ್ಮಾನ ಆಗೋದು ಆ ಹೊತ್ತಲ್ಲೇ. ನಾನೊಮ್ಮೆ ಕೇಳಿದ್ದೆ, ಹಗಲೇ ನೇರವಾಗಿ ಖಾತೆಗೆ ಬರೀಬಾರದಾ ಅಂತ. 'ಗಿರಾಕಿ ನಿಂತಾಗ ಖಾತೆ ತಗದ್ರ ಒಬ್ಬಂದು ಇನ್ನೊಬ್ಬನ ಪುಟಕ್ಕ ಹೋಗತೈತಿ' ಅಂದಿದ್ರು.

1995ರಲ್ಲಿ ಮೆಕ್‌ಕ್ಲೆಲ್ಯಾಂಡ್, ಮೆಕ್‌ನಾಟನ್, ಓ'ರೈಲಿ ಅನ್ನೋ ಮೂವರು ಬರೆದ ಒಂದು ಪ್ರಸಿದ್ಧ ಪ್ರಬಂಧದ ಸಾರಾಂಶ ಕೇಳಿದ್ರೆ, ನಾನು ಅಪ್ಪನ ಈ ಮಾತನ್ನೇ ಹೇಳ್ತೀನಿ. ಮೆದುಳಲ್ಲಿ ಎರಡು ಪುಸ್ತಕ. ಹಿಪ್ಪೊಕ್ಯಾಂಪಸ್ ಅನ್ನೋದು ಕಚ್ಚಾ ಪುಸ್ತಕ, ಬೇಗ ಬರ್ಕೊಳತ್ತೆ. ಕಾರ್ಟೆಕ್ಸ್ ಅನ್ನೋದು ಖಾತೆ, ನಿಧಾನ. ಹಗಲಿಂದು ಖಾತೆಗೆ ಏರೋದು ಸ್ವಲ್ಪ ಸ್ವಲ್ಪವಾಗಿ, ಹಳೇದರ ಜೊತೆ ಬೆರೆಸಿಕೊಂಡು. ಆ ಕೆಲಸದ ದೊಡ್ಡ ಪಾಲು ನಡೆಯೋದು ಶಟರ್ ಇಳಿದ ಮೇಲೆ. ಅದಕ್ಕೂ ಒಂದು ವರ್ಷ ಮುಂಚೆ, 1994ರಲ್ಲಿ, ವಿಲ್ಸನ್ ಮತ್ತು ಅದೇ ಮೆಕ್‌ನಾಟನ್ ಇಲಿಗಳ ಮೆದುಳಿಗೆ ಎಲೆಕ್ಟ್ರೋಡ್ ಇಟ್ಟು ನೋಡಿದ್ರು. ಎಚ್ಚರವಾಗಿ ಓಡಾಡೋವಾಗ ಯಾವ ಕೋಶಗಳು ಜೊತೆಯಲ್ಲಿ ಮಿಡಿದಿದ್ವೋ, ಆಮೇಲೆ ನಿದ್ದೆಯಲ್ಲಿ ಅವೇ ಮತ್ತೆ ಜೊತೆಯಾಗಿ ಮಿಡೀತಿದ್ವು. ಇಲಿ ಮಲಗಿದೆ, ಒಳಗೆ ಲೆಕ್ಕ ಏರ್ತಿದೆ.

ನಿದ್ದೆಯ ಕೆಲಸ ಇದೊಂದೇ ಅಂತ ಅಲ್ಲ. ಟೊನೊನಿ ಮತ್ತು ಚಿರೆಲ್ಲಿ ಅನ್ನೋ ಇಬ್ಬರ ವಾದ ಏನಂದ್ರೆ, ಹಗಲಲ್ಲಿ ಕಲೀತಾ ಕಲೀತಾ ಸಂಪರ್ಕಗಳೆಲ್ಲ ಊದಿಕೊಳ್ತವೆ, ರಾತ್ರಿ ಅವನ್ನ ಇಳಿಸಬೇಕು, ಇಲ್ಲದಿದ್ರೆ ಮರುದಿನ ಜಾಗವೇ ಇರಲ್ಲ. 2017ರಲ್ಲಿ ಅವರ ತಂಡ ಇಲಿಮರಿಗಳ ಮೆದುಳನ್ನ ಅಳೆದು ನೋಡಿದಾಗ, ನಿದ್ದೆ ಆದ ಮೇಲೆ ಸಂಪರ್ಕಗಳ ಗಾತ್ರ ಸರಾಸರಿ ಸುಮಾರು 18 ಶೇಕಡಾ ಕಡಿಮೆ ಆಗಿತ್ತು. ಇನ್ನು ಕೊಳೆ ತೊಳೆಯೋ ವಾದ ಇದೆ. 2013ರಲ್ಲಿ, ನಿದ್ದೆಯಲ್ಲಿ ಮೆದುಳು ತನ್ನ ತ್ಯಾಜ್ಯವನ್ನ ತೊಳೆದು ಹಾಕತ್ತೆ ಅಂತ ದೊಡ್ಡ ಸುದ್ದಿಯಾಯ್ತು. 2024ರಲ್ಲಿ ಲಂಡನ್ನಿನ ಒಂದು ತಂಡ ಇಲ್ಲ, ನಿದ್ದೆಯಲ್ಲಿ ತೊಳೆಯೋದು ಕಡಿಮೆಯೇ ಆಗತ್ತೆ ಅಂದ್ರು. ಜಗಳ ನಡೀತಿದೆ, ನಡೀಲಿ. ಚಿಪ್‌ಗೆ ಆ ಕೊಳೆ ಹೇಗೂ ಇಲ್ಲ, ನಮಗೆ ಇವತ್ತು ಅದು ಬೇಡ.

ಆದ್ರೆ ಒಂದು ವಿಚಿತ್ರ ಹೇಳಲೇಬೇಕು. ಮಲಗಿದ ಪ್ರಾಣಿ ಸುಲಭವಾಗಿ ಬೇಟೆಯಾಗತ್ತೆ. ತಿನ್ನೋಕಾಗಲ್ಲ, ಮರಿ ಕಾಯೋಕಾಗಲ್ಲ. ವಿಕಾಸದ ಲೆಕ್ಕದಲ್ಲಿ ಇದು ಪಕ್ಕಾ ನಷ್ಟದ ವ್ಯಾಪಾರ. ಆದ್ರೂ ನಿದ್ದೆ ಉಳಿದಿದೆ. 2017ರಲ್ಲಿ ಕ್ಯಾಸಿಯೋಪಿಯ ಅನ್ನೋ ಲೋಳೆಮೀನು ಕೂಡ ರಾತ್ರಿ ನಿದ್ದೆಯಂಥ ಸ್ಥಿತಿಗೆ ಹೋಗತ್ತೆ, ಅದನ್ನ ಕೆದಕಿ ಎಬ್ಬಿಸ್ತಾ ಇದ್ರೆ ಮರುದಿನ ಮಂಕಾಗತ್ತೆ ಅಂತ ಕಂಡುಕೊಂಡ್ರು. ಅದಕ್ಕೆ ಮೆದುಳೇ ಇಲ್ಲ, ಬರೀ ನರಗಳ ಬಲೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಚಿಂತಿಸೋಕೆ ಮೆದುಳೇ ಇಲ್ಲದ್ದಕ್ಕೂ ನಿದ್ದೆ ಬೇಕು ಅಂದ್ರೆ, ಇದು ಎಷ್ಟು ಹಳೇ ವ್ಯವಹಾರ ಇರಬೇಕು ನೋಡಿ.

(ವಿಮಾನ ಹೋಗುವ ಸದ್ದು)

ಹೋಯ್ತಾ? ಸರಿ.

ನಮ್ಮ ಏಜೆಂಟ್ ಕಥೆ. ಹೇಗೆ ಸರಿಮಾಡಿದ್ವಿ? ನಾವು ಮೂರು ಜನ ಕೂತು ಹಳೇ ಟಿಕೆಟ್‌ಗಳಲ್ಲಿ ಪ್ರತಿ ಬಗೆಯಿಂದಲೂ ಒಂದಷ್ಟು ಆರಿಸಿ, ಹೊಸದರ ಜೊತೆ ಕಲಸಿ, ಮತ್ತೆ ಟ್ರೇನ್ ಮಾಡಿದ್ವಿ. ಸರಿಹೋಯ್ತು. ಇದಕ್ಕೆ ರೀಪ್ಲೇ ಅಂತಾರೆ. 2015ರಲ್ಲಿ ಡೀಪ್‌ಮೈಂಡ್‌ನವರು 49 ಅಟಾರಿ ಆಟಗಳನ್ನ ಆಡೋ ಪ್ರೋಗ್ರಾಂ ತೋರಿಸಿದ್ರಲ್ಲ, ಅದರಲ್ಲೂ ಇದೇ ಉಪಾಯ ಇತ್ತು. ಹಿಂದಿನ ಆಟದ ತುಣುಕುಗಳನ್ನ ಕೂಡಿಟ್ಟು, ಮತ್ತೆ ಮತ್ತೆ ತೆಗೆದು ಕಲಿಯೋದು.

ಇದಕ್ಕಿಂತ ಮಜಾ ಇರೋದು 2022ರ ಕೆಲಸ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಝೆನೊವ್ ಅವರ ತಂಡ ಹಳೇ ಡೇಟಾ ಕೊಡಲೇ ಇಲ್ಲ. ಹೊಸದನ್ನ ಕಲಿತ ಮೇಲೆ ನೆಟ್‌ವರ್ಕನ್ನ ಸ್ವಲ್ಪ ಹೊತ್ತು 'ಮಲಗಿಸಿದ್ರು'. ಅಂದ್ರೆ ಅರ್ಥವಿಲ್ಲದ ಗದ್ದಲವನ್ನ ಒಳಗೆ ಬಿಟ್ಟು, ಯಾವ ಕೋಶಗಳು ಜೊತೆಯಾಗಿ ಮಿಡೀತವೋ ಅವುಗಳ ಸಂಬಂಧ ಗಟ್ಟಿಯಾಗೋ ಹಾಗೆ ಮಾಡಿದ್ರು. ಮರೆತೇಹೋಗಿದೆ ಅಂದ್ಕೊಂಡಿದ್ದ ಹಳೇ ಪಾಠ ಎಷ್ಟೋ ಮಟ್ಟಿಗೆ ವಾಪಸ್ ಬಂತು. ಅಂದ್ರೆ ಅದು ಪೂರ್ತಿ ಅಳಿಸಿಹೋಗಿರಲಿಲ್ಲ, ಹೂತುಹೋಗಿತ್ತು. ಪ್ರಯೋಗ ಸಣ್ಣ ನೆಟ್‌ವರ್ಕ್‌ಗಳ ಮೇಲೆ ನಡೆದದ್ದು, ದೊಡ್ಡ ಭಾಷಾ ಮಾಡೆಲ್‌ಗಳಿಗೆ ಹಾಗೇ ಅನ್ವಯಿಸಬೇಡಿ. ಆದ್ರೂ ನಾನಿದನ್ನ ಓದಿದ ದಿನ ನಿದ್ದೆ ಬರಲಿಲ್ಲ. (ನಗು)

ಕನಸಿನ ಕಥೆ ಇನ್ನೂ ಹಳೇದು. 1983ರಲ್ಲಿ ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಮತ್ತು ಮಿಚಿಸನ್ ಸೇರಿ, ನಾವು ಕನಸು ಕಾಣೋದು ಮರೆಯೋಕೆ, ಬೇಡದ ಸುಳ್ಳು ನೆನಪುಗಳನ್ನ ಸಡಿಲಿಸೋಕೆ ಅಂತ ವಾದ ಮಾಡಿದ್ರು. ಅದೇ ವರ್ಷ ಹಾಪ್‌ಫೀಲ್ಡ್ ಮತ್ತು ಸಂಗಡಿಗರು ತಮ್ಮ ನೆಟ್‌ವರ್ಕ್‌ನಲ್ಲಿ ಅಂಥದ್ದನ್ನೇ ಮಾಡಿ, ನೆನಪು ಸುಧಾರಿಸತ್ತೆ ಅಂತ ತೋರಿಸಿದ್ರು. 1995ರಲ್ಲಿ ಹಿಂಟನ್ ಮತ್ತು ಸಂಗಡಿಗರು ಒಂದು ವಿಧಾನಕ್ಕೆ 'ವೇಕ್-ಸ್ಲೀಪ್' ಅಂತಲೇ ಹೆಸರಿಟ್ರು. ಈ ಹಾಪ್‌ಫೀಲ್ಡ್ ಮತ್ತು ಹಿಂಟನ್‌ಗೇ 2024ರ ಭೌತಶಾಸ್ತ್ರದ ನೊಬೆಲ್ ಬಂದದ್ದು. ಅಂದ್ರೆ ಯಂತ್ರದ ನಿದ್ದೆ ಅನ್ನೋದು ನಮ್ಮ ವಾಟ್ಸ್ಯಾಪ್ ಗುಂಪಿನ ತಮಾಷೆಯಲ್ಲ, ಈ ವಿದ್ಯೆ ಕಟ್ಟಿದವರೇ ತಲೆ ಕೆಡಿಸಿಕೊಂಡ ವಿಷಯ.

ಹಾಗಾದ್ರೆ ನಿಮ್ಮ ಮೊಬೈಲ್‌ನಲ್ಲಿರೋ ಚಾಟ್‌ಬಾಟ್‌ಗೆ ನಿದ್ದೆ ಬೇಕಾ? ನನ್ನ ಉತ್ತರ: ಈಗಿರೋ ಹಾಗೆ ಬೇಡ. ಕಾರಣ ಕೇಳಿದ್ರೆ ಅದು ಹೊಗಳಿಕೆ ಅನ್ಸಲ್ಲ. ಅದಕ್ಕೆ ನಿದ್ದೆ ಬೇಡ, ಯಾಕಂದ್ರೆ ಅದು ಹಗಲಲ್ಲಿ ಏನೂ ಕಲಿಯಲ್ಲ. ತಿಂಗಳಾನುಗಟ್ಟಲೆ ಟ್ರೇನಿಂಗ್ ಆಗತ್ತೆ, ಆಮೇಲೆ ತೂಕಗಳನ್ನ ಬೀಗ ಹಾಕಿ ಹೊರಗೆ ಬಿಡ್ತಾರೆ. ನೀವು ಹೇಳಿದ್ದು ಆ ಸಂಭಾಷಣೆಯ ಮಟ್ಟಿಗೆ ಅದರ ಮುಂದಿರತ್ತೆ, ಅಷ್ಟೇ. ಹೆಚ್ಚಂದ್ರೆ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಟ್ಟು, ಮುಂದಿನ ಸಲ ಅದನ್ನ ಓದಿಕೊಂಡು ಬರತ್ತೆ. ಕಚ್ಚಾ ಪುಸ್ತಕ ಇದೆ, ಖಾತೆಗೆ ಏರೋದಿಲ್ಲ.

ಹೆನ್ರಿ ಮೊಲೇಸನ್ ಅಂತ ಒಬ್ಬ ಅಮೆರಿಕನ್ ಇದ್ದರು. 1953ರಲ್ಲಿ ಮೂರ್ಛೆರೋಗಕ್ಕೆ ಅಂತ ಶಸ್ತ್ರಚಿಕಿತ್ಸೆ ಮಾಡಿ, ಅವರ ಹಿಪ್ಪೊಕ್ಯಾಂಪಸ್‌ನ ಹೆಚ್ಚಿನ ಭಾಗ ತೆಗೆದುಬಿಟ್ರು. ಆಮೇಲೆ 2008ರಲ್ಲಿ ತೀರಿಕೊಳ್ಳೋ ತನಕ ಅವರು ಚೆನ್ನಾಗಿ ಮಾತಾಡ್ತಿದ್ರು, ಪದಬಂಧ ಬಿಡಿಸ್ತಿದ್ರು, ಹಳೇದು ನೆನಪಿತ್ತು. ಆದ್ರೆ ವರ್ಷಗಟ್ಟಲೆ ತಮ್ಮನ್ನ ಪರೀಕ್ಷಿಸಿದ ವಿಜ್ಞಾನಿಯನ್ನೇ ಪ್ರತಿ ಸಲ ಹೊಸಬರ ಹಾಗೆ ಭೇಟಿಯಾಗ್ತಿದ್ರು. ನಮ್ಮ ಚಾಟ್‌ಬಾಟ್‌ನ ಸ್ಥಿತಿ ಸುಮಾರು ಇದು. ಅದನ್ನ 'ಸದಾ ಎಚ್ಚರ' ಅಂತ ಮಾರೋದು ಮಾರಾಟದವರಿಗೆ ಬಿಟ್ಟದ್ದು.

ಈಗ ಎಲ್ಲರಿಗೂ ಬೇಕಿರೋದು ಕೆಲಸ ಮಾಡ್ತಾ ಮಾಡ್ತಾ ಕಲಿಯೋ ಏಜೆಂಟ್. ಅದನ್ನ ಮಾಡೋಕೆ ಹೋದಾಗ ಮಹಾಮರೆವು ಬಂದು ಅಡ್ಡ ನಿಲ್ಲತ್ತೆ, ಆಗ ಶಟರ್ ಇಳಿಸೋ ಹೊತ್ತು ಬೇಕಾಗತ್ತೆ.

ಇಲ್ಲಿ ನಿಮ್ಮಲ್ಲಿ ಯಾರೋ ಕೇಳ್ತೀರಿ: ಬ್ಯಾಂಕ್ ಮಲಗಲ್ವಲ್ಲ? ಸರಿಯಾದ ಪ್ರಶ್ನೆ. ಮೊದಲು ನೆಫ್ಟ್‌ಗೆ ವೇಳೆ ಇತ್ತು, ರಜೆ ಇತ್ತು. 2019ರ ಡಿಸೆಂಬರ್ 16ರಿಂದ ಅದು ದಿನದ 24 ಗಂಟೆಯೂ ನಡೀತಿದೆ. ಆದ್ರೆ ಒಳಗೆ ಅರ್ಧ ಗಂಟೆಗೊಂದು ಕಂತಿನಲ್ಲಿ ಲೆಕ್ಕ ತೀರತ್ತೆ, ದಿನಕ್ಕೆ 48. ನಿದ್ದೆ ಹೋಗಿಲ್ಲ, ತೂಕಡಿಕೆಯಾಗಿ ಒಡೆದಿದೆ. ಡಾಲ್ಫಿನ್ ಇನ್ನೊಂದು ದಾರಿ ಹಿಡಿದಿದೆ, ಅರ್ಧ ಮೆದುಳು ಮಲಗಿದಾಗ ಇನ್ನರ್ಧ ಎಚ್ಚರ. ನಾವು ಬ್ಲೂ-ಗ್ರೀನ್ ಡಿಪ್ಲಾಯ್‌ಮೆಂಟ್ ಅಂತೀವಲ್ಲ, ಅದೇ. ಯಂತ್ರಕ್ಕೆ ಇದು ಇನ್ನೂ ಸುಲಭ, ಯಾಕಂದ್ರೆ ನಕಲು ಮಾಡಬಹುದು. ಒಂದು ಪ್ರತಿ ಗಿರಾಕಿ ನೋಡ್ಕೊಳತ್ತೆ, ಇನ್ನೊಂದು ಒಳಕೋಣೆಯಲ್ಲಿ ಖಾತೆ ಬರೆಯತ್ತೆ, ಬೆಳಿಗ್ಗೆ ಅದಲು ಬದಲು. ಹಾಗಾಗಿ ಯಂತ್ರ ಮಲಗಿದ್ದು ಹೊರಗಿನವರಿಗೆ ಕಾಣದೇ ಇರಬಹುದು. ಲೋಹಗಾಂವ್‌ನಲ್ಲಿ ಎರಡನೇ ರನ್‌ವೇ ಇದ್ದಿದ್ರೆ ನಮಗೂ ಆ ನಿಶ್ಶಬ್ದ ಸಿಗ್ತಿರಲಿಲ್ಲ.

ನನಗೆ ಸಂಶಯ ಇರೋದು ಬೇರೆ ಕಡೆ. ಏನನ್ನ ಮರುಓದಬೇಕು ಅಂತ ಆರಿಸೋದು ಯಾರು? ಮಾಡೆಲ್ ತಾನೇ ಹುಟ್ಟಿಸಿದ ಪಠ್ಯವನ್ನ ತಾನೇ ತಿಂದು ಕಲೀತಾ ಹೋದ್ರೆ ಏನಾಗತ್ತೆ ಅಂತ 2024ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಶುಮೈಲೊವ್ ಮತ್ತು ಸಂಗಡಿಗರ ಪ್ರಬಂಧ ಬಂತು. ತಲೆಮಾರು ಕಳೆದ ಹಾಗೆ ಅಪರೂಪದ್ದು ಮೊದಲು ಮಾಯ, ಆಮೇಲೆ ಎಲ್ಲ ಕಲಸುಮೇಲೋಗರ. ಬೆಳಿಗ್ಗೆ ಎದ್ದು ಲೋಕ ನೋಡದ ಕನಸು ಅದು. ನಮ್ಮ ವಿಷಯದಲ್ಲಿ ಹಳೇ ಟಿಕೆಟ್ ಆರಿಸಿದ್ದು ನಾವು ಮೂರು ಜನ. ವರ್ಷಕ್ಕೆ ಒಂದೇ ಸಲ ಬರೋ, ಆದ್ರೆ ಬಂದ್ರೆ ಸಾವಿರ ಆರ್ಡರ್ ನಿಲ್ಲಿಸೋ ಟಿಕೆಟ್ ಯಾವುದು ಅಂತ ನಮಗೆ ಗೊತ್ತಿತ್ತು. ಅದು ಗೊತ್ತಾದದ್ದು ರಾತ್ರಿ ಕೂತು ಕೂತು. ಆರು ಜನರ ತಂಡ ಎರಡಾದ ಮೇಲೆ ಆ ನೆನಪು ಯಾವ ಖಾತೆಗೆ ಏರತ್ತೆ, ಇದನ್ನ ನಾನು ಮೀಟಿಂಗ್‌ನಲ್ಲೂ ಕೇಳಿದ್ದೆ. ನೋಟ್ ಮಾಡ್ಕೊಂಡ್ರು.

ಮನುಷ್ಯರ ಕಡೆಗೂ ಸ್ವಲ್ಪ ಬರ್ತೀನಿ. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ವಿಮಾನ ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದ್ರು, ಉಳಿದವರು ಎಂಟು. ತನಿಖಾ ವರದಿ ಹೇಳಿದ ಸಂಗತಿಗಳಲ್ಲಿ ಒಂದು, ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ಮಲಗಿದ್ರು ಅನ್ನೋದು. ಎದ್ದ ಮೇಲೂ ಮೆದುಳು ತಕ್ಷಣ ಪೂರ್ತಿ ಎದ್ದಿರೋದಿಲ್ಲ. ಅದಕ್ಕೆ ಸ್ಲೀಪ್ ಇನರ್ಷಿಯಾ ಅಂತಾರೆ, ನಿದ್ದೆಯ ಜಡ. ನಮ್ಮ ಭಾಷೆಯಲ್ಲಿ ಸರ್ವರ್ ಎದ್ದಿದೆ, ಕ್ಯಾಶ್ ಇನ್ನೂ ಖಾಲಿ. ನಾನು ಯಾರನ್ನೂ ದೂರ್ತಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ನನ್ನ ಕೈಯಲ್ಲಿ ಇದ್ದದ್ದು ಕೀಬೋರ್ಡ್, ಅಷ್ಟೇ ಪುಣ್ಯ.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ದೇಹದ ಗಡಿಯಾರ ಕೆಡಿಸೋ ಪಾಳಿ ಕೆಲಸವನ್ನ ಬಹುಶಃ ಕ್ಯಾನ್ಸರ್ ತರುವಂಥದ್ದು ಅನ್ನೋ ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಇಟ್ಟಿತು. ಹೆದರಿಸೋಕೆ ಹೇಳ್ತಿಲ್ಲ. ಇಲ್ಲಿ ಕೂತವರಲ್ಲಿ ಅರ್ಧ ಜನ ನೈಟ್ ಅಲವೆನ್ಸ್‌ನಿಂದ ಮನೆಯ ಇಎಂಐ ಕಟ್ತಿದೀವಿ, ನನಗೂ ಗೊತ್ತು. ನಮ್ಮ ಏಜೆಂಟ್‌ಗೆ ಈ ಪಟ್ಟಿ ಅನ್ವಯಿಸಲ್ಲ. ಅದನ್ನ ಒಪ್ಪಿಕೊಳ್ಳೋಕೆ ನನಗೆ ಈಗ ಹೊಟ್ಟೆಕಿಚ್ಚೇನಿಲ್ಲ.

ಕೊನೆಗೆ ಏನಾಯ್ತು? ಗೋದಾಮಿನ ರಾದ್ಧಾಂತ ಆದ ಮೇಲೆ ವಾರಕ್ಕೊಮ್ಮೆ ಮೂರು ಗಂಟೆ ಹೊತ್ತು ಏಜೆಂಟ್‌ಗೆ ಅಂತ ಮೀಸಲಿಟ್ರು. ಹೊಸದು, ಹಳೇದು ಬೆರೆಸಿ ಟ್ರೇನ್ ಮಾಡೋದು, ಹಳೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷಿಸೋದು, ಪಾಸಾದ್ರೆ ಮಾತ್ರ ಹೊರಗೆ ಬಿಡೋದು. ಕ್ಯಾಲೆಂಡರ್‌ನಲ್ಲಿ ಅದರ ಹೆಸರೇ 'ಸ್ಲೀಪ್ ವಿಂಡೋ'. ವೇಳೆ ಇಟ್ಟಿದ್ದು ಭಾನುವಾರ ಬೆಳಗಿನ ಜಾವ ಎರಡರಿಂದ ಐದು. ಅದು ಮಲಗಿದಾಗ ಪಕ್ಕದಲ್ಲಿ ಎಚ್ಚರ ಇದ್ದು ನೋಡ್ಕೊಳ್ಳೋರು ಯಾರು? ನಾನು! (ನಗು, ಚಪ್ಪಾಳೆ)

ಇಲ್ಲ, ತಾಳಿ. ಆರು ವಾರ ಕೂತೆ. ಆಮೇಲೆ ಅಪ್ಪನಿಗೆ ಫೋನ್‌ನಲ್ಲಿ ಇದನ್ನ ಹೇಳಿದಾಗ ಅವರು ಕೇಳಿದ್ದು, 'ಅಲ್ಲಪಾ, ಅಮೆರಿಕದಾಗ ರಾತ್ರಿ ಆದಾಗ ಇಲ್ಲಿ ಹಗಲ ಅಲ್ಲೇನು?' ನಾವು ಇಷ್ಟೊಂದು ಇಂಜಿನಿಯರ್‌ಗಳಿಗೆ ಹೊಳೆದಿರಲಿಲ್ಲ. ಬರೆದು ಕಳಿಸಿದೆ, ಎರಡು ಮೇಲ್, ಒಂದು ಕಾಲ್. ಈಗ ಅದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮಲಗತ್ತೆ, ಮಧ್ಯಾಹ್ನ ಎರಡಕ್ಕೆ ಏಳತ್ತೆ. ಆ ವಾರ ನನಗೆ ಸೋಮವಾರ ರಾತ್ರಿ ಪಾಳಿ ಇರಲ್ಲ. ವಾರಕ್ಕೆ ಒಂದು ರಾತ್ರಿ ಸಿಕ್ಕಿದೆ.

ಪ್ರಶ್ನೆ ಇದ್ರೆ ಕೇಳಿ. ಒಂದು ಗಂಟೆ ತನಕ ಇರ್ತೀನಿ, ಆಮೇಲೆ ಮನೆಗೆ ಹೋಗಿ ಪರದೆ ಎಳೆದು ಮಲಗಬೇಕು. ಇವತ್ತು ರಾತ್ರಿ ಒಂಬತ್ತಕ್ಕೆ ನನ್ನದೇ ಪಾಳಿ.